ರೋಜಾ ಹಿಡಿದವರ ರಾತ್ರಿ

2019ರ ಮೇ 5, ಭಾನುವಾರ. ನೀಟ್ ಬರೆಯಲು ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಹೊರಟ ನೂರಾರು ಮಕ್ಕಳು ಹಂಪಿ ಎಕ್ಸ್‌ಪ್ರೆಸ್ಸಿನೊಳಗೆ ಕೂತಲ್ಲೇ ಪರೀಕ್ಷೆ ಕಳೆದುಕೊಂಡರು. ರೈಲು ಗಂಟೆಗಟ್ಟಲೆ ತಡವಾಗಿತ್ತು. ಹೆತ್ತವರು ಕೂಗೆಬ್ಬಿಸಿದರು, ಸರ್ಕಾರ ನಡುವೆ ಬಂತು, ಮೇ 20ಕ್ಕೆ ಮತ್ತೆ ಪರೀಕ್ಷೆ ಎಂದಾಯಿತು. ಅಷ್ಟರೊಳಗೆ, ಮೇ 7ಕ್ಕೆ, ರಂಜಾನ್ ಶುರುವಾಗಿತ್ತು. ಮೊದಲ ದಿನಾಂಕಕ್ಕೆ ಬರೆದಿದ್ದರೆ ಉಂಡು, ನೀರು ಕುಡಿದು ಬರೆಯುತ್ತಿದ್ದ ಮುಸ್ಲಿಂ ಮಕ್ಕಳ ಮುಂದೆ ಈಗ ಇನ್ನೊಂದು ಪ್ರಶ್ನೆ ಬಂದು ನಿಂತಿತು. ಮೇ ತಿಂಗಳ ಬಿಸಿಲಿನಲ್ಲಿ, ಮಧ್ಯಾಹ್ನ ಎರಡರಿಂದ ಐದರವರೆಗೆ, ಒಂದು ಗುಟುಕು ನೀರೂ ಇಲ್ಲದೆ 180 ಪ್ರಶ್ನೆಗಳಿಗೆ ಉತ್ತರಿಸುವುದೋ, ಅವತ್ತಿನ ರೋಜಾ ಬಿಡುವುದೋ?

ಈ ಪ್ರಶ್ನೆ ಯಾವ ವರ್ಷವೂ ಪೂರ್ತಿ ತಪ್ಪುವುದಿಲ್ಲ. ಚಂದ್ರನ ಲೆಕ್ಕದ ವರ್ಷ ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹಾಗಾಗಿ ರಂಜಾನ್ ವರ್ಷ ವರ್ಷ ಹಿಂದಕ್ಕೆ ಸರಿಯುತ್ತ, 32-33 ವರ್ಷಗಳಲ್ಲಿ ಮಳೆ, ಚಳಿ, ಬೇಸಿಗೆಗಳನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತದೆ. ಪರೀಕ್ಷೆಗಳು ತಮ್ಮ ತಿಂಗಳು ಬಿಟ್ಟು ಹೆಚ್ಚು ಕದಲುವುದಿಲ್ಲ. 2017ರ ಜೂನ್ 18, 2018ರ ಜೂನ್ 3, 2019ರ ಜೂನ್ 2 ಹೀಗೆ ಸಾಲಾಗಿ ಮೂರು ವರ್ಷ ಯುಪಿಎಸ್‌ಸಿ ಪ್ರಿಲಿಮ್ಸ್ ರೋಜಾದ ದಿನಗಳಲ್ಲೇ ಬಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಒಂದು ಪತ್ರಿಕೆ, ಮಧ್ಯಾಹ್ನ ಎರಡೂವರೆಗೆ ಇನ್ನೊಂದು. ದೆಹಲಿಯ ಜೂನ್ ತಿಂಗಳಲ್ಲಿ ಉಪವಾಸ ಹದಿನೈದು ಗಂಟೆ ದಾಟುತ್ತದೆ. 2023ರ ಏಪ್ರಿಲ್‌ನ ಜೆಇಇ ಮೇನ್ ರಂಜಾನ್ ನಡುವೆಯೇ ನಡೆಯಿತು. 2025ರಲ್ಲಿ ನಮ್ಮ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 1ಕ್ಕೆ ಶುರುವಾದರೆ, ಮರುದಿನವೇ ಮೊದಲ ರೋಜಾ. ನೀಟ್ ಈಚೆಗೆ ಈದ್ ಕಳೆದು ಮೇ ಮೊದಲ ವಾರದಲ್ಲಿ ಬರುತ್ತಿದೆ, ನಿಜ. ಆದರೆ ಅದನ್ನು ಬರೆಯುವ ಮಕ್ಕಳನ್ನು ಕೇಳಿ: ಮೇ ತಿಂಗಳ ಆ ಮೂರು ಗಂಟೆಯಷ್ಟೇ ಪರೀಕ್ಷೆಯಲ್ಲ, ಅದರ ಹಿಂದಿನ ಎರಡು ತಿಂಗಳೂ ಪರೀಕ್ಷೆಯೇ. ಓದಿದ್ದನ್ನೆಲ್ಲ ಮತ್ತೆ ತಿರುವಿ ಹಾಕುವ ಆ ತಿಂಗಳುಗಳಲ್ಲೇ ರಂಜಾನ್ ಬಂದು ಕೂತಿರುತ್ತದೆ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ರೋಜಾ ಹಿಡಿಯುವ ಮನೆಯವಳೂ ಹೌದು. ರಂಜಾನ್ ಹತ್ತಿರ ಬಂದಂತೆ ನನ್ನ ಕಿವಿಗೆ ಎರಡು ಬಗೆಯ ಮಾತು ಬೀಳುತ್ತದೆ. ಸ್ಟಾಫ್‌ರೂಮಿನಲ್ಲಿ, "ಇದೊಂದು ವರ್ಷ ಬಿಟ್ಟರೆ ಆಗದಾ? ಭವಿಷ್ಯದ ಪ್ರಶ್ನೆ ಅಲ್ವಾ ಮೇಡಂ, ನೀವಾದರೂ ಹೇಳಿ." ಮೊಹಲ್ಲಾದಲ್ಲಿ, "ರೋಜಾ ಬಿಟ್ಟು ಓದಿದ ಓದಿಗೆ ಬರ್ಕತ್ ಎಲ್ಲಿಂದ ಬರಬೇಕು? ನಿಯತ್ತು ಇದ್ದರೆ ಅಲ್ಲಾಹ್ ಆಸಾನ್ ಮಾಡ್ತಾನೆ." ಎರಡರಲ್ಲೂ ಮಗುವಿನ ಮೇಲಿನ ಪ್ರೀತಿ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಮಾತು ಆಡುವವರಿಗೆ ಹದಿನೇಳರ ಹುಡುಗಿಗೆ ರೋಜಾ ಎಂದರೇನು ಎಂಬುದು ತಿಳಿದಿಲ್ಲ. ಅದು ಒಂದು ಹೊತ್ತಿನ ಊಟ ಬಿಡುವ ಪಥ್ಯವಲ್ಲ. ಇಡೀ ಮನೆ ಒಂದೇ ಹೊತ್ತಿಗೆ ಎದ್ದು, ಒಂದೇ ಹೊತ್ತಿಗೆ ಖರ್ಜೂರಕ್ಕೆ ಕೈ ಹಾಕುವ ತಿಂಗಳಲ್ಲಿ ಒಬ್ಬಳನ್ನು ಮಾತ್ರ ಹೊರಗಿಟ್ಟರೆ ಅವಳ ಮನಸ್ಸು ಪುಸ್ತಕದಲ್ಲಿ ನಿಲ್ಲುವುದಿಲ್ಲ. ಎರಡನೆಯ ಮಾತು ಆಡುವವರು ನಾವು ಮಾಡಬೇಕಾದ ಲೆಕ್ಕವನ್ನು ದೇವರ ಮೇಲೆ ಹಾಕುತ್ತಾರೆ. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಎಂಬ ಲೆಕ್ಕವದು.

ಈ ಎರಡು ಮಾತುಗಳೂ ಜಗಳವನ್ನು ಅನ್ನಕ್ಕೂ ಪುಸ್ತಕಕ್ಕೂ ಹಚ್ಚುತ್ತವೆ. ವರ್ಷಗಟ್ಟಲೆ ಮಕ್ಕಳ ಮುಖ ನೋಡಿ ನಾನು ಕಂಡುಕೊಂಡದ್ದು ಬೇರೆ. ನಮ್ಮ ಮಕ್ಕಳನ್ನು ಸೋಲಿಸುತ್ತಿರುವುದು ಹಸಿವಲ್ಲ, ಕೆಟ್ಟ ನಿದ್ದೆ. ಆ ನಿದ್ದೆಯನ್ನು ಕೆಡಿಸುತ್ತಿರುವುದು ಧರ್ಮ ಕಡ್ಡಾಯ ಮಾಡಿದ ಉಪವಾಸವೂ ಅಲ್ಲ, ಅದರ ಸುತ್ತ ನಾವೇ ಬೆಳೆಸಿಕೊಂಡ ರೂಢಿಗಳು.

ಹಸಿವಿನ ಮಾತು ಮೊದಲು ಮುಗಿಸುತ್ತೇನೆ. ಮಾರ್ಚ್ ತಿಂಗಳಲ್ಲಿ ಕರ್ನಾಟಕದಲ್ಲಿ ರೋಜಾ ಹದಿಮೂರು ಗಂಟೆಯ ಆಸುಪಾಸು. ಆರೋಗ್ಯವಂತ ಹರೆಯದವರ ಯಕೃತ್ತು ಅಷ್ಟು ಹೊತ್ತು ತಾನು ಕೂಡಿಟ್ಟ ಗ್ಲೈಕೋಜನ್ ಕರಗಿಸಿ ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಅದು ತೀರುತ್ತ ಬಂದಂತೆ ದೇಹ ಕೊಬ್ಬಿನ ಕಡೆ ಹೊರಳುತ್ತದೆ. ಮೆದುಳು ಉಪವಾಸ ಬೀಳುವುದಿಲ್ಲ. ಇದನ್ನೇ ನಾನು ತರಗತಿಯಲ್ಲೂ ಹೇಳಿಕೊಡುತ್ತೇನೆ. ನೀರಿನ ವಿಷಯ ಹಾಗಲ್ಲ. ದೇಹದ ತೂಕದ ಶೇಕಡಾ 2ರಷ್ಟು ನೀರು ಇಳಿದರೂ ಗಮನ ಚೆದುರುತ್ತದೆ, ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಅದಕ್ಕೆ ಬಹಳ ಹೊತ್ತು ಬೇಡ. ಮೊದಲ ಮೂರು ನಾಲ್ಕು ದಿನದ ತಲೆನೋವು ಬಹಳ ಮಕ್ಕಳಿಗೆ ಹಸಿವಿನದಲ್ಲ, ತಪ್ಪಿದ ಚಹಾದ್ದು. ರಂಜಾನ್‌ಗೆ ಹಿಂದಿನ ಶಾಬಾನ್ ತಿಂಗಳಲ್ಲೇ ಚಹಾ ಒಂದೊಂದೇ ಲೋಟ ಇಳಿಸುತ್ತ ಬಂದವರಿಗೆ ಆ ತಲೆನೋವು ಹೆಚ್ಚು ಕಾಡುವುದಿಲ್ಲ. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಗು ಮಾತ್ರ ವೈದ್ಯರನ್ನು ಕೇಳದೆ ರೋಜಾ ಹಿಡಿಯಲೇಬಾರದು. ಅಲ್ಲಿ ಚರ್ಚೆಗೆ ಜಾಗವಿಲ್ಲ.

ಸಂಶೋಧಕರು ಈ ವಿಷಯಕ್ಕೆ ಕೈ ಹಾಕಿ ಪರಸ್ಪರ ತದ್ವಿರುದ್ಧ ಎನ್ನಿಸುವ ಫಲಿತಾಂಶ ತಂದಿದ್ದಾರೆ. ನೆದರ್ಲೆಂಡ್ಸ್‌ನ ಓಸ್ಟರ್‌ಬೀಕ್ ಮತ್ತು ಫಾನ್ ಡೆರ್ ಕ್ಲಾವ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠದ ಅವಧಿಯೊಳಗೆ ರಂಜಾನ್‌ನ ವಾರಗಳು ಹೆಚ್ಚಿದಷ್ಟೂ ಮುಸ್ಲಿಂ ವಿದ್ಯಾರ್ಥಿಗಳ ಅಂಕ ಸ್ವಲ್ಪ ಸ್ವಲ್ಪ ಇಳಿದದ್ದು ಕಂಡಿತು. ಹತ್ತು ವರ್ಷದ ನಂತರ, 2023ರಲ್ಲಿ, ಹೋರ್ನುಂಗ್ ಮತ್ತು ಸಂಗಡಿಗರು ಅನೇಕ ದೇಶಗಳ ಶಾಲಾ ಪರೀಕ್ಷೆಯ ಅಂಕಗಳನ್ನು ಹರಡಿಕೊಂಡು ನೋಡಿದರು. ಉಪವಾಸದ ಗಂಟೆ ಉದ್ದವಾಗಿದ್ದ ವರ್ಷಗಳಲ್ಲಿ ಮುಸ್ಲಿಂ ಮಕ್ಕಳ ಅಂಕ ಏರಿತ್ತು. ಒಟ್ಟಿಗೆ ಕಷ್ಟಪಟ್ಟ ಮಕ್ಕಳಲ್ಲಿ ಹುಟ್ಟುವ ನಂಟು, ತಾವು ಯಾರು ಎಂಬ ಗಟ್ಟಿತನ ಇದಕ್ಕೆ ಕಾರಣವಿರಬಹುದು ಎಂದರು. ಮೊದಲನೆಯದು ರಂಜಾನ್ ಕೊಂಡೊಯ್ಯುವ ಗಂಟೆಗಳನ್ನು ಅಳೆಯಿತು, ಎರಡನೆಯದು ರಂಜಾನ್ ಕೊಡುವ ಬಲವನ್ನು. ಎರಡನ್ನೂ ನಂಬಲು ನನಗೇನೂ ತೊಡಕಿಲ್ಲ. ನಮ್ಮ ಮಟ್ಟಿಗೆ ಇವೆರಡಕ್ಕಿಂತ ಉಪಯೋಗಕ್ಕೆ ಬರುವುದು 2011ರ ಒಂದು ಸಣ್ಣ ಅಧ್ಯಯನ. ರೋಜಾ ಹಿಡಿದ ಕ್ರೀಡಾಪಟುಗಳನ್ನು ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಪರೀಕ್ಷಿಸಿದಾಗ, ಬೆಳಿಗ್ಗೆ ಅವರ ಎಚ್ಚರ, ಚುರುಕು ಮಾಮೂಲಿಗಿಂತ ಚೆನ್ನಾಗಿತ್ತು; ಸಂಜೆ ಹೊತ್ತಿಗೆ ಪದಗಳನ್ನು ಕಲಿತು ನೆನಪಿಡುವ ಶಕ್ತಿ ಕುಗ್ಗಿತ್ತು. ಬರೀ 18 ಜನರ ಮೇಲೆ ನಡೆದದ್ದು, ದೊಡ್ಡ ತೀರ್ಮಾನಕ್ಕೆ ಸಾಲದು. ಆದರೂ ರೋಜಾ ಹಿಡಿದು ಓದಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಫಜ್ರ್ ನಮಾಜಿನ ನಂತರದ ಎರಡು ಮೂರು ಗಂಟೆ ಬಂಗಾರ. ಹೊಟ್ಟೆಯಲ್ಲಿ ಅನ್ನವಿರುತ್ತದೆ, ಬೀದಿಯಲ್ಲಿ ಸದ್ದಿರುವುದಿಲ್ಲ, ಫೋನು ಕೈಗೆ ಬಂದಿರುವುದಿಲ್ಲ. ಕಷ್ಟದ ಫಿಸಿಕ್ಸ್ ಲೆಕ್ಕಗಳಿಗೆ ಅದೇ ಹೊತ್ತು. ಬಹಳ ಮಕ್ಕಳು ಆ ಹೊತ್ತನ್ನು ಮಲಗಿ ಕಳೆಯುತ್ತಾರೆ, ಯಾಕೆಂದರೆ ರಾತ್ರಿ ಅವರು ಮಲಗಿಯೇ ಇರುವುದಿಲ್ಲ.

ಹಾಗಾದರೆ ರಾತ್ರಿ ಎಲ್ಲಿ ಹೋಯಿತು? ಆರೂವರೆಗೆ ಇಫ್ತಾರ್. ಸಮೋಸಾ, ಭಜಿ, ಶರಬತ್ತು, ಮೇಲೆ ಹಲೀಮ್; ಹೊಟ್ಟೆ ಭಾರವಾಗಿ ಎಂಟರವರೆಗೆ ಕಣ್ಣು ಎಳೆಯುತ್ತದೆ. ಎಂಟೂಕಾಲಿನಿಂದ ಇಶಾ ನಮಾಜು, ಅದರ ಬೆನ್ನಿಗೆ ರಂಜಾನ್ ರಾತ್ರಿಗಳ ವಿಶೇಷ ನಮಾಜು ತರಾವೀಹ್, ಇಪ್ಪತ್ತು ರಕಾತ್. ಮಸೀದಿಯಿಂದ ಹೊರಬರುವಾಗ ಹತ್ತು. ಅಲ್ಲಿಂದ ಗೆಳೆಯರ ಜೊತೆ ಚಹಾ, ಕಬಾಬಿನ ಬೀದಿ, ಈದ್ ಬಟ್ಟೆಯ ಅಂಗಡಿ. ಮನೆಗೆ ಬಂದಾಗ ಹನ್ನೊಂದೂವರೆ. "ಇನ್ನೇನು ಸಹರಿಗೆ ಏಳಬೇಕಲ್ಲ" ಎಂದು, ಬೆಳಗಿನ ಜಾವದ ಆ ಊಟದ ನೆಪದಲ್ಲಿ, ಕೆಲವರು ಮಲಗುವುದೇ ಇಲ್ಲ; ಮಲಗಿದವರೂ ನಾಲ್ಕಕ್ಕೆ ಏಳುತ್ತಾರೆ. ಹೀಗೆ ನಾಲ್ಕು ಗಂಟೆ ನಿದ್ದೆಯ ಮೇಲೆ ಮೂವತ್ತು ದಿನ. ಹಗಲು ಓದಿದ್ದು ನೆನಪಿನಲ್ಲಿ ಬೇರೂರುವುದು ನಿದ್ದೆಯಲ್ಲೇ ಎಂಬುದು ಈಗ ಗಟ್ಟಿಯಾಗಿ ಗೊತ್ತಿರುವ ವಿಷಯ. ಆ ಮಗು ಓದಿದ್ದೆಲ್ಲ ಜರಡಿಯಲ್ಲಿ ನೀರು ಹಿಡಿದಂತೆ ಸೋರಿ ಹೋಗುತ್ತದೆ. ಮಾಕ್ ಟೆಸ್ಟಿನಲ್ಲಿ ಅಂಕ ಇಳಿದಾಗ ಎಲ್ಲರೂ ಉಪವಾಸದತ್ತ ಬೆರಳು ತೋರಿಸುತ್ತಾರೆ.

ನಮ್ಮ ಧರ್ಮಶಾಸ್ತ್ರ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕಡ್ಡಾಯದ ಫರ್ಜ್ ಬೇರೆ, ಪ್ರವಾದಿಯವರ ರೂಢಿಯ ಸುನ್ನತ್ ಬೇರೆ, ಐಚ್ಛಿಕ ನಫಿಲ್ ಬೇರೆ, ಬರೀ ರಿವಾಜು ಬೇರೆ. ರಂಜಾನ್ ಉಪವಾಸ ಫರ್ಜ್. ತರಾವೀಹ್ ಸುನ್ನತ್, ಹೆಚ್ಚು ಒತ್ತು ಕೊಟ್ಟ ಸುನ್ನತ್ ನಿಜ, ಆದರೆ ಫರ್ಜ್ ಅಲ್ಲ, ಮನೆಯಲ್ಲಿ ಒಬ್ಬರೇ ನಿಂತು ಓದಿಕೊಂಡರೂ ಸಲ್ಲುತ್ತದೆ. ಪ್ರವಾದಿಯವರು ಕೆಲವು ರಾತ್ರಿ ಮಸೀದಿಯಲ್ಲಿ ಈ ನಮಾಜು ಮಾಡಿದರು, ಜನ ಹಿಂದೆ ಸೇರುತ್ತ ಹೋದರು. ಆಮೇಲೊಂದು ರಾತ್ರಿ ಅವರು ಹೊರಗೇ ಬರಲಿಲ್ಲ. ಇದು ಜನರ ಮೇಲೆ ಕಡ್ಡಾಯವಾಗಿ ಬಿದ್ದೀತೆಂಬ ಅಂಜಿಕೆಯಿಂದ ಹಾಗೆ ಮಾಡಿದೆ ಎಂದು ಅವರೇ ಹೇಳಿದ್ದು ಹದೀಸಿನಲ್ಲಿದೆ. ಎಲ್ಲರೂ ಒಬ್ಬ ಇಮಾಮರ ಹಿಂದೆ ನಿಲ್ಲುವ ಏರ್ಪಾಟು ಆದದ್ದು ನಂತರ, ಖಲೀಫ ಉಮರ್ ಅವರ ಕಾಲದಲ್ಲಿ. ಇನ್ನು ಇಫ್ತಾರ್ ಕೂಟ, ನಡುರಾತ್ರಿಯ ತಿಂಡಿ ಬೀದಿ, ಬಟ್ಟೆ ಖರೀದಿ ಇವು ಯಾವುದನ್ನೂ ಧರ್ಮ ಕಡ್ಡಾಯ ಮಾಡಿಲ್ಲ. ನಾವು ಮಾಡುತ್ತಿರುವುದೇನು? ಕೊನೆಯದನ್ನು ಮೊದಲು ಉಳಿಸಿಕೊಳ್ಳುತ್ತೇವೆ. ರಿವಾಜು ಒಂದನ್ನೂ ಬಿಡದೆ, ಸುನ್ನತ್ತಿನಲ್ಲಿ ಒಂದಿಷ್ಟೂ ಸಡಿಲಿಸದೆ, ಮಗುವಿನ ಮುಂದೆ ಮಾತ್ರ ರೋಜಾವನ್ನೂ ಓದನ್ನೂ ಇಟ್ಟು ಒಂದನ್ನು ಆರಿಸಿಕೋ ಎನ್ನುತ್ತೇವೆ. ಪರೀಕ್ಷೆಯ ವರ್ಷದ ಮಗು ಎಂಟು ರಕಾತ್ ಮನೆಯಲ್ಲೇ ಮುಗಿಸಿ, ಒಂಬತ್ತೂವರೆವರೆಗೆ ಓದಿ, ಹತ್ತರೊಳಗೆ ಮಲಗಿದರೆ ಆರು ಗಂಟೆ ನಿದ್ದೆ ಸಿಗುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗುವುದು ಕೂಡ ಪ್ರವಾದಿಯವರ ರೂಢಿಯೇ, ಕೈಲೂಲಾ ಎನ್ನುತ್ತೇವೆ. ಮಸೀದಿಯಲ್ಲಿ ಆ ಹುಡುಗ ಕಾಣಲಿಲ್ಲವೆಂದು ಅವನ ಅಬ್ಬಾನನ್ನು ವಿಚಾರಿಸುವ ಹಿರಿಯರು ಈ ಲೆಕ್ಕ ಒಮ್ಮೆ ಹಾಕಬೇಕು.

ರೋಜಾವನ್ನೇ ಬಿಡಬಹುದೇ ಎಂಬ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಕುರ್‌ಆನ್‌ನ ಅಲ್‌ಬಕರಾ ಅಧ್ಯಾಯದ 183ರಿಂದ 187ರವರೆಗಿನ ವಚನಗಳಲ್ಲಿ ಉಪವಾಸದ ವಿಧಿ ಇದೆ. ವಿಧಿ ಹೇಳಿದ ಉಸಿರಿನಲ್ಲೇ ಕಾಯಿಲೆಯವರಿಗೂ ಪ್ರಯಾಣಿಕರಿಗೂ ವಿನಾಯಿತಿ ಇದೆ, ದೇವರು ಬಯಸುವುದು ನಿಮ್ಮ ಸರಾಗವನ್ನು, ಸಂಕಷ್ಟವನ್ನಲ್ಲ ಎಂಬ ಭಾವವಿದೆ. ಪರೀಕ್ಷೆ ಆ ಪಟ್ಟಿಯಲ್ಲಿಲ್ಲ. ಬಹುಪಾಲು ಉಲಮಾಗಳು ಪರೀಕ್ಷೆಯೊಂದೇ ಕಾರಣ ಸಾಲದು ಎನ್ನುತ್ತಾರೆ, ಅವರ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ನಿಯತ್ತು ಮಾಡಿ ಸಹರಿ ಉಂಡು ಹೊರಟ ಮೇಲೆ, ತಡೆಯಲಾರದ ಬಳಲಿಕೆ ಬಂದರೆ ಅಲ್ಲಿಗೆ ರೋಜಾ ಬಿಟ್ಟು, ಆಮೇಲೆ ಒಂದು ದಿನ ಕಜಾ ಹಿಡಿಯಬಹುದು ಎಂಬುದನ್ನೂ ಅವರೇ ಹೇಳುತ್ತಾರೆ. ಕಜಾ ಎಂದರೆ ಸಾಲ ತೀರಿಸುವುದು, ಪಾಪದ ಗುರುತಲ್ಲ. ಪ್ರಯಾಣದ ವಿನಾಯಿತಿಯನ್ನಂತೂ ನಮ್ಮ ಮಕ್ಕಳಿಗೆ ಯಾರೂ ನೆನಪಿಸುವುದೇ ಇಲ್ಲ. ಹನಫಿ ಲೆಕ್ಕದಲ್ಲಿ ಸುಮಾರು 77 ಕಿಲೋಮೀಟರ್ ದಾಟಿ ಹೊರಟವರು ಮುಸಾಫಿರರು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಪಾಲಿಸುವ ಶಾಫಿ ಪಂಥದಲ್ಲೂ ಪಯಣಿಗರಿಗೆ ಬಿಡುವಿದೆ. ಹಿಂದಿನ ರಾತ್ರಿ ಬಳ್ಳಾರಿಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂದು ಪರೀಕ್ಷೆ ಬರೆಯುವ ಹುಡುಗಿ, 2019ರ ಮೇ 20ರಂದು, ಯಾವ ಮುಫ್ತಿಯನ್ನು ಕೇಳಿದ್ದರೂ ನಿರಾಳವಾಗಿ ನೀರು ಕುಡಿಯಬಹುದಿತ್ತು.

ಹಿಜರಿ 8ರ ರಂಜಾನ್‌ನಲ್ಲಿ ಮದೀನಾದಿಂದ ಮಕ್ಕಾಕ್ಕೆ ಹೊರಟ ದಂಡಿನ ನಡುವೆ, ಜನರಿಗೆ ಕಷ್ಟವಾಗುತ್ತಿದೆ ಎಂದು ಕಂಡಾಗ, ಪ್ರವಾದಿಯವರು ನೀರು ತರಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕುಡಿದರು. ಮರೆಯಲ್ಲಿ ಕುಡಿಯಲಿಲ್ಲ. ಜೊತೆಯಲ್ಲಿ ಪಯಣಿಸುವಾಗ ಅವರ ಸಂಗಡಿಗರಲ್ಲಿ ರೋಜಾ ಹಿಡಿದವರೂ ಬಿಟ್ಟವರೂ ಇರುತ್ತಿದ್ದರು, ಒಬ್ಬರನ್ನೊಬ್ಬರು ಹಳಿಯುತ್ತಿರಲಿಲ್ಲ ಎಂದೂ ಹದೀಸಿದೆ. ನನ್ನ ಮನಸ್ಸು ಕಲಕುವುದು ಇಲ್ಲಿಯೇ. ಆ ಕಾಲದ ಮರುಭೂಮಿಯಲ್ಲಿ ಇದ್ದ ಸಲಿಗೆ ಇಂದಿನ ನಮ್ಮ ಅಡುಗೆಮನೆಗಳಲ್ಲಿ ಇಲ್ಲ. ಮುಟ್ಟಿನ ದಿನಗಳಲ್ಲಿ ರೋಜಾ ಹಿಡಿಯುವಂತೆಯೇ ಇಲ್ಲ ಎಂದು ಧರ್ಮ ಹೇಳುತ್ತದೆ. ಆದರೂ ಹುಡುಗಿಯರು ಅಣ್ಣ, ಅಬ್ಬಾ ಎದುರು ನೀರು ಕುಡಿಯಲಾರದೆ, ಬಚ್ಚಲಲ್ಲಿ ನಿಂತು ಬಿಸ್ಕತ್ತು ನುಂಗುತ್ತಾರೆ, ಕೆಲವರು ಸುಮ್ಮನೆ ಹಸಿದೇ ಇರುತ್ತಾರೆ. ಅದೇ ವಾರ ಅವರಿಗೆ ಕೆಮಿಸ್ಟ್ರಿ ಪತ್ರಿಕೆ ಇರುತ್ತದೆ. ಧರ್ಮ ಉಣ್ಣು ಎಂದ ದಿನ ಮನೆ ಉಣಿಸದಿದ್ದರೆ ಅದಕ್ಕೆ ಧರ್ಮದ ಹೆಸರು ಹೇಳಬಾರದು.

ಹುಡುಗಿಯರ ರಾತ್ರಿಯ ಲೆಕ್ಕ ಇನ್ನೂ ಬಿಗಿ. ಹುಡುಗರ ನಿದ್ದೆ ಬೀದಿಯಲ್ಲಿ ಹೋದರೆ ಇವರದು ಒಲೆಯ ಮುಂದೆ ಹೋಗುತ್ತದೆ. ಮೂರೂವರೆಗೆ ಎದ್ದು ಅಮ್ಮಿಯ ಜೊತೆ ರೊಟ್ಟಿ ತಟ್ಟಬೇಕು, ಸಂಜೆ ನಾಲ್ಕೂವರೆಯಿಂದ ಭಜಿಗೆ ಈರುಳ್ಳಿ ಹೆಚ್ಚಬೇಕು, ಇಫ್ತಾರ್ ಮುಗಿದ ಮೇಲೆ ಪಾತ್ರೆಯ ರಾಶಿ. ನನ್ನ ವಿದ್ಯಾರ್ಥಿನಿಯೊಬ್ಬಳ ರೆಕಾರ್ಡ್ ಪುಸ್ತಕದ ಹೂವಿನ ಚಿತ್ರದ ಮೇಲೆ ಎಣ್ಣೆಯ ಕಲೆ ಇತ್ತು. ಕೇಳಿದರೆ, "ಒಲೆ ಪಕ್ಕ ಇಟ್ಕೊಂಡು ಬಿಡಿಸಿದೆ ಮಿಸ್" ಎಂದಳು. ಅವಳ ತಮ್ಮ ಎಸ್ಸೆಸ್ಸೆಲ್ಸಿ; ಅವನಿಗೆ ಪರೀಕ್ಷೆ ಇದೆಯೆಂದು ಮನೆಯಲ್ಲಿ ಅವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ತಟ್ಟೆ ಮುಂದೆ ಬಂದ ಮೇಲೆ ಎಬ್ಬಿಸುತ್ತಿದ್ದರು. ನೀಟ್ ಬರೆಯುವವಳು ಅವಳೇ. ಅವಳ ಅಮ್ಮಿಯನ್ನು ನಾನು ದೂರಲಾರೆ, ಆಕೆಯೂ ಮೂವತ್ತು ದಿನ ನಿದ್ದೆಗೆಟ್ಟವಳು, ಆಕೆಯ ಜೊತೆಗೂ ಯಾರೂ ಏಳುತ್ತಿರಲಿಲ್ಲ. ಇಫ್ತಾರಿಗೆ ಖರ್ಜೂರ, ಹಣ್ಣು, ಗಂಜಿ ಸಾಕೆಂದು ಆ ಮನೆಯ ಗಂಡಸರು ಒಂದು ಮಾತು ಹೇಳಿದ್ದರೆ ಇಬ್ಬರು ಹೆಂಗಸರಿಗೆ ದಿನಕ್ಕೆ ಎರಡು ಗಂಟೆ ಉಳಿಯುತ್ತಿತ್ತು. ಮೂವತ್ತು ದಿನಕ್ಕೆ ಅರುವತ್ತು ಗಂಟೆ. ಹನ್ನೊಂದು, ಹನ್ನೆರಡನೆಯ ತರಗತಿಯ ಜೀವಶಾಸ್ತ್ರವನ್ನು ಇಡಿಯಾಗಿ ಒಮ್ಮೆ ತಿರುವಿ ಹಾಕಲು ಅಷ್ಟು ಸಾಕು.

ಕಾಲೇಜು, ಕೋಚಿಂಗ್ ಕೇಂದ್ರಗಳ ಪಾಲೂ ಇದೆ. ರಂಜಾನ್‌ನಲ್ಲಿ ಟೆಸ್ಟ್ ಬೇಡ ಎಂದು ನಾನು ಕೇಳುವುದಿಲ್ಲ. ನೀಟ್ ಮಧ್ಯಾಹ್ನ ಇರುವುದರಿಂದ ಮಾಕ್ ಟೆಸ್ಟೂ ಮಧ್ಯಾಹ್ನವೇ ಇಡುವುದು ಸರಿಯೇ. ಆದರೆ ಹಾಸ್ಟೆಲಿನ ಮೆಸ್ಸಿನಲ್ಲಿ ರಾತ್ರಿಯೇ ಒಂದು ಡಬ್ಬಿ ಕಟ್ಟಿಟ್ಟರೆ ಮಕ್ಕಳು ಸಹರಿಗೆ ಬರೀ ಬಿಸ್ಕತ್ತು ತಿನ್ನುವುದು ತಪ್ಪುತ್ತದೆ. ರಾತ್ರಿ ಹತ್ತೂವರೆಯ ಕಡ್ಡಾಯ ಸ್ಟಡಿ ಅವರ್ ಬದಲು ಬೆಳಿಗ್ಗೆ ಐದೂಮುಕ್ಕಾಲಿಗೆ ಓದುವ ಕೋಣೆ ತೆರೆದರೆ ಸಾಕು. ಖರ್ಚಿಲ್ಲದ ಕೆಲಸಗಳಿವು, ಕೇಳಲು ಮಕ್ಕಳು ಹಿಂಜರಿಯುತ್ತಾರೆ, ನಾವು ಮೇಷ್ಟರು ಕೇಳಬೇಕು.

ರೋಜಾ ಮತ್ತು ಓದಿನ ನಡುವಿನ ಈ ತೊಡಕನ್ನು ಮೇಲಿನಿಂದ ಅಪ್ಪಣೆ ಕೊಟ್ಟು ಸರಿಮಾಡಲು ಹೊರಟವರೂ ಇದ್ದರು. 1960ರಲ್ಲಿ ಟ್ಯುನೀಷಿಯಾದ ಅಧ್ಯಕ್ಷ ಹಬೀಬ್ ಬುರ್ಗೀಬಾ, ದೇಶ ಬಡತನದ ವಿರುದ್ಧ ಜಿಹಾದ್ ನಡೆಸುತ್ತಿದೆ, ಯುದ್ಧದಲ್ಲಿರುವವರು ರೋಜಾ ಬಿಡಬಹುದು ಎಂದು ವಾದಿಸಿ ಕೆಲಸಗಾರರಿಗೂ ವಿದ್ಯಾರ್ಥಿಗಳಿಗೂ ಉಪವಾಸ ಬೇಡ ಎಂದರು. ಉಲಮಾಗಳು ಒಪ್ಪಲಿಲ್ಲ, ಜನ ರೋಜಾ ಹಿಡಿಯುತ್ತಲೇ ಇದ್ದರು. ಬುರ್ಗೀಬಾ ಅವರ ವಾದದಲ್ಲಿ ಹುರುಳಿತ್ತು ಎಂದೇ ನನಗೆ ಅನಿಸುತ್ತದೆ. ಆದರೆ ರೋಜಾ ಹಿಡಿಯುವವರ ಮನಸ್ಸಿನೊಳಗೆ ನಡೆಯಬೇಕಾದ ತೂಕವನ್ನು ಅವರು ಅಧಿಕಾರದ ಕಟ್ಟೆಯ ಮೇಲೆ ನಿಂತು ತೂಗಲು ಹೋದರು. 2016ರಲ್ಲಿ ಬ್ರಿಟನ್ನಿನಲ್ಲಿ ಇದೇ ತೊಡಕು ಎದುರಾಯಿತು. ಅಲ್ಲಿನ ಜೂನ್‌ನಲ್ಲಿ ಉಪವಾಸ ಹದಿನೆಂಟು ಗಂಟೆ ಮೀರುತ್ತದೆ, ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗಳೂ ಅದೇ ಹೊತ್ತಿಗೆ. ಪರೀಕ್ಷಾ ಮಂಡಳಿಗಳು ಮುಸ್ಲಿಂ ಸಮುದಾಯದವರನ್ನು ಕರೆದು ಮಾತಾಡಿ, ಹೆಚ್ಚು ಮಕ್ಕಳು ಬರೆಯುವ ಕೆಲವು ಪತ್ರಿಕೆಗಳನ್ನು ಸಾಧ್ಯವಾದಷ್ಟು ರಂಜಾನ್‌ಗೆ ಮುಂಚೆ ಇರಿಸಲು ನೋಡಿದವು. ಶಾಲಾ ಮುಖ್ಯಸ್ಥರ ಸಂಘವೊಂದು ಇಮಾಮರ ಜೊತೆ ಕೂತು ಒಂದು ತಿಳಿವಳಿಕೆಯ ಕೈಪಿಡಿ ತಂದಿತು. ಹಿಡಿ ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಧರ್ಮದಲ್ಲಿ ಎಷ್ಟು ಜಾಗವಿದೆ ಎಂದು ತಿಳಿಸಿ, ನಿರ್ಧಾರವನ್ನು ಮಗುವಿಗೂ ಮನೆಗೂ ಬಿಟ್ಟಿತು. ನಮ್ಮಲ್ಲಿ ಇಷ್ಟು ಮಾಡಲು ದೊಡ್ಡ ಮಂಡಳಿ ಬೇಕಿಲ್ಲ. ಶಾಬಾನ್‌ನ ಒಂದು ಶುಕ್ರವಾರ ಜುಮಾ ಬಯಾನಿನಲ್ಲಿ ಮೌಲಾನಾ ಹತ್ತು ನಿಮಿಷ ಪರೀಕ್ಷೆಯ ಮಕ್ಕಳ ಬಗ್ಗೆ ಮಾತಾಡಿದರೆ, ತರಾವೀಹ್ ಮನೆಯಲ್ಲೂ ಸಲ್ಲುತ್ತದೆ, ಪ್ರಯಾಣದಲ್ಲಿ ಬಿಡುವಿದೆ, ಮುಟ್ಟಾದ ಮಗಳು ಉಂಡರೆ ಕಣ್ಣು ಹಾಯಿಸಬೇಡಿ ಎಂದು ಅವರ ಬಾಯಿಂದ ಬಂದರೆ, ನಾನು ಹತ್ತು ವರ್ಷ ಹೇಳಿದರೂ ಆಗದ್ದು ಅವತ್ತೇ ಆಗುತ್ತದೆ.

2030ರಲ್ಲಿ ರಂಜಾನ್ ಎರಡು ಸಲ ಬರಲಿದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಆಗ ಹಗಲು ಚಿಕ್ಕದು, ಬಿಸಿಲಿಲ್ಲ, ಹಸಿವು ಹಗುರ. ರಾತ್ರಿಗಳು ಮಾತ್ರ ಉದ್ದ. ಇಂದು ಏಳನೆಯ, ಎಂಟನೆಯ ತರಗತಿಯಲ್ಲಿರುವ ಮಕ್ಕಳು ಅಷ್ಟರಲ್ಲಿ ಪಿಯು ಮೆಟ್ಟಿಲು ಹತ್ತಿರುತ್ತಾರೆ. ನಾಳೆ ಬೆಳಗಿನ ಜಾವ ಅವರ ಮನೆಗಳಲ್ಲಿ ಸಹರಿಗೆ ಮೊದಲು ಎದ್ದು ಒಲೆ ಹಚ್ಚುವವರು ಅಬ್ಬಾ ಆಗಿದ್ದರೆ, ಆ ಮಕ್ಕಳು ಅದನ್ನು ನೋಡಿಯೇ ಬೆಳೆಯುತ್ತಾರೆ.